ಮೂರನೇ ಸ್ಪೂಲಿನ ಎಡ ಚಾನೆಲ್

ಜೆ.ಪಿ. ನಗರ, ಬೆಂಗಳೂರು
ಭಾನುವಾರ, ೧೨ ಜನವರಿ ೧೯೮೬

ದೇವದಾಸ್,

ಕೂನೂರಿನ ನಿನ್ನ ಶಾಲೆಯ ವಿಳಾಸವನ್ನು ನಿನ್ನ ತಾಯಿಯವರಿಂದ ಪಡೆದೆ. ಬನಶಂಕರಿ ಎರಡನೇ ಹಂತದಲ್ಲಿ ಬೈಲಪ್ಪ ಎನ್ನುವವರು ಒಂದು ಕ್ಯಾಸೆಟ್ ಕಂಪನಿ ನಡೆಸುತ್ತಾರೆ. ಇದುವರೆಗೆ ದೇವರನಾಮ, ಮದುವೆ ಹಾಡು ಇಂಥವನ್ನೇ ತಂದವರು. ಈಗ ನಿನ್ನ 'ಹದಿನೆಂಟನೇ ಮೇನ್' ರೆಕಾರ್ಡನ್ನು ಕ್ಯಾಸೆಟ್ಟಾಗಿ ತರಬೇಕೆಂದಿದ್ದಾರೆ. ನೀನು ಬ್ಯಾಂಡ್ ಬಿಟ್ಟು ಒಬ್ಬನೇ ಗಿಟಾರ್ ಹಿಡಿದು ಹಾಡಿದ ಮೊದಲ ಕಾರ್ಯಕ್ರಮಕ್ಕೆ ಅವರು ವಿದ್ಯಾರ್ಥಿಯಾಗಿ ಬಂದಿದ್ದರಂತೆ. ಒಳಕಾಗದದ ಟಿಪ್ಪಣಿಯನ್ನು ನಾನು ಬರೆಯಬೇಕೆಂದು ಕೇಳಿದ್ದಾರೆ. ನಿನ್ನ ಒಪ್ಪಿಗೆ ಬೇಕು.

ಹತ್ತು ವರ್ಷಗಳ ಹಿಂದೆ ನಾನು ನಿನಗೆ ಬರೆದ ಕಾಗದದಲ್ಲಿ ಒಂದೇ ವಾಕ್ಯವಿತ್ತು. 'ಸೇತುವನ್ನು ಹಿಡಿದುಕೊಟ್ಟವನ ಜೊತೆ ನನಗೆ ಮಾತಿಲ್ಲ.' ಅದನ್ನು ಈಗ ಹಿಂದಕ್ಕೆ ಪಡೆಯುತ್ತಿದ್ದೇನೆ ಎಂದು ತಿಳಿಯಬೇಡ, ಎತ್ತಿ ಹಿಡಿಯುತ್ತಿದ್ದೇನೆ ಎಂದೂ ತಿಳಿಯಬೇಡ. ಈ ಕಾಗದ ರೆಕಾರ್ಡಿನ ಬಗ್ಗೆ ಮಾತ್ರ.

ಈ ವಾರ ಅದನ್ನು ನಾಲ್ಕು ಸಲ ಕೇಳಿದೆ. ಇಂಗ್ಲಿಷಿನ ನಾಲ್ಕು ಹಾಡುಗಳಲ್ಲಿ ಎರಡು ಈಗ ಎರವಲು ತಂದ ಅಂಗಿಯ ಹಾಗೆ ಕಾಣುತ್ತವೆ. ಕನ್ನಡದ ಮೂರು ಹಾಗಲ್ಲ. 'ನೀರು ಬಿಡುವ ಹೊತ್ತು' ಹಾಡಿನಲ್ಲಿ 'ನಲ್ಲಿ ಕೆಮ್ಮುತ್ತದೆ, ಇನ್ನೂ ನೀರಿಲ್ಲ' ಎಂದು ಹೇಳಿ ನೀನು ಗಿಟಾರನ್ನು ನಿಲ್ಲಿಸುತ್ತೀಯ. ಆಮೇಲೆ ಸೇತುರಾಮನ ಬೋಂಗೋ ಒಂದೇ ಇರುತ್ತದೆ, ಯಾರೋ ಬಾಗಿಲು ತಟ್ಟುವ ಹಾಗೆ. ಆಗ ಅದನ್ನು ತಮಾಷೆಯ ಹಾಡೆಂದುಕೊಂಡಿದ್ದೆ. ಈಗ ಕೇಳಿದರೆ ಬಾಗಿಲು ತೆಗೆಯಬಾರದು ಅನ್ನಿಸುತ್ತದೆ.

ಅದೇ ಹಾಡಿನ ಕೊನೆಯಲ್ಲಿ ಹಿಂದೆ ಎಲ್ಲೋ 'ಕಿರ್ರ್' ಎಂಬ ಸಣ್ಣ ಸದ್ದು ಐದು ಸಲ ಬರುತ್ತದೆ. ಅದೇನು? ಟಿಪ್ಪಣಿಯಲ್ಲಿ ಬರೆಯಬೇಕು.

ಸೇತುವಿನ ಹೆಸರನ್ನೂ ಈ ಸಲ ಹಾಕಿಸಬೇಕು. ಎಪ್ಪತ್ತಾರರಲ್ಲಿ ಅವನು ಜೈಲಿನಲ್ಲಿದ್ದ ಕಾರಣ ಮುದ್ರಕರು ಹೆದರಿ ಬಿಟ್ಟಿದ್ದರು.

ವೆಂಕಟಾಚಲ


ಕೂನೂರು
೩೦ ಜನವರಿ ೧೯೮೬

ವೆಂಕಟು,

ಒಪ್ಪಿಗೆ ಇದೆ. ಎರಡು ಷರತ್ತು. ಕ್ಯಾಸೆಟ್ ಮೊನೊದಲ್ಲೇ ಬರಬೇಕು, ಅದೂ ರೆಕಾರ್ಡಿನಿಂದಲೇ ತೆಗೆಯಬೇಕು. ಮೂಲ ಟೇಪಿನ ಸ್ಪೂಲುಗಳು ಅಟ್ಟದ ಮೇಲೆ ಬೂಷ್ಟು ಹಿಡಿದು ಹಾಳಾಗಿರುತ್ತವೆ, ಹುಡುಕುವ ಶ್ರಮ ಬೇಡ. ಅಮ್ಮನನ್ನೂ ಕೇಳಬೇಡ.

ಆ ಸದ್ದು ಫ್ಯಾನಿನದು.

ಸೇತುವಿನ ಹೆಸರು ಹಾಕು. ನನ್ನದಕ್ಕಿಂತ ಮೊದಲು ಹಾಕು.

ಇಲ್ಲಿ ಮಕ್ಕಳಿಗೆ ಭೂಗೋಳ ಕಲಿಸುತ್ತೇನೆ. ಹಾಡುತ್ತಿದ್ದೆ ಎಂದು ಇಲ್ಲಿ ಯಾರಿಗೂ ಗೊತ್ತಿಲ್ಲ. ಎಡಗೈಯ ಮೂರು ಬೆರಳು ಈಗಲೂ ಮಡಿಸುವುದಿಲ್ಲ. ಅಮ್ಮನಿಗೆ ಸ್ಕೂಟರಿನಿಂದ ಬಿದ್ದೆ ಎಂದು ಹೇಳಿದ್ದೇನೆ. ಮಾತು ಬಂದರೆ ನೀನೂ ಹಾಗೆಯೇ ಹೇಳು.

ದೇವಿ


ಜೆ.ಪಿ. ನಗರ
ಭಾನುವಾರ, ೧೬ ಫೆಬ್ರವರಿ ೧೯೮೬

ದೇವದಾಸ್,

ನಿನ್ನ ಕಾಗದ ಬರುವುದಕ್ಕೆ ಎರಡು ದಿನ ಮೊದಲೇ ನಾನು ಜಯನಗರಕ್ಕೆ ಹೋಗಿ ಬಂದಿದ್ದೆ. ಸ್ಪೂಲುಗಳು ಹಾಳಾಗಿಲ್ಲ. ನಿನ್ನ ತಾಯಿಯವರು ಅವನ್ನು ಹಳೆಯ ರೇಷ್ಮೆ ಸೀರೆಯಲ್ಲಿ ಸುತ್ತಿ, ಬೇವಿನ ಸೊಪ್ಪು ಹಾಕಿ, ಟ್ರಂಕಿನಲ್ಲಿ ಇಟ್ಟಿದ್ದಾರೆ. ನಾಲ್ಕೂ ಇವೆ.

"ತಗೊಂಡ್ ಹೋಗೋ," ಎಂದರು. "ಹತ್ತು ವರ್ಷದಿಂದ ಕಾವಲು ಕೂತಿದ್ದೀನಿ. ಅವನು ಬಂದಾಗೆಲ್ಲ ಎಸೀ ಅಂತಾನೆ. ಮಗ ಹಾಡಿದ್ದನ್ನ ಯಾವ ತಾಯಿ ಎಸೀತಾಳೆ ಹೇಳು?"

"ನೀವು ಕೇಳಿದ್ದೀರಾ ಅಮ್ಮ?"

"ರೆಕಾರ್ಡು ಕೇಳಿದ್ದೀನಿ. ಟೇಪು ಹಾಕೋಕೆ ನಂಗೆಲ್ಲಿ ಬರುತ್ತೆ? ಆವತ್ತು ನೀವೆಲ್ಲ ಸೇರಿ ಮಾಡ್ತಿದ್ದ ಗಲಾಟೆಗೆ ಕಿವಿಗೆ ಹತ್ತಿ ಇಟ್ಕೊಂಡಿದ್ದೆ."

ಅಲ್ಲಿಂದ ಶ್ರೀನಗರಕ್ಕೆ ಹೋದೆ. ಸೇತುವಿನ ತಾಯಿ ಪಾರ್ವತಮ್ಮ ಈಗಲೂ ಅದೇ ಮನೆಯಲ್ಲಿದ್ದಾರೆ, ಈಗಲೂ ರವಿಕೆ ಹೊಲಿಯುತ್ತಾರೆ. ಕಣ್ಣಿಗೆ ದಪ್ಪ ಕನ್ನಡಕ ಬಂದಿದೆ. ಮಗನ ಹೆಸರು ಕ್ಯಾಸೆಟ್ಟಿನ ಮೇಲೆ ಬರುತ್ತದೆ ಎಂದೆ. ಮೆಷಿನ್ ನಿಲ್ಲಿಸಿದರು.

"ಹೆಸ್ರು ಬಿಡಪ್ಪ, ಹೆಸ್ರು ನನ್ ಹತ್ರಾನೂ ಇದೆ," ಎಂದರು. "ಅದ್ರಲ್ಲಿ ಅವ್ನು ಮಾತಾಡಿದ್ದಾನಾ?"

ಬೋಂಗೋ ಮಾತ್ರ ಎಂದೆ.

"ಫೋಟೋ ಎರಡಿವೆ. ಧ್ವನಿ ಮರ್ತು ಹೋಗ್ತಿದೆ. ಅಮ್ಮ ಅಂತಿದ್ದಿದ್ದು ಹೇಗೆ ಅಂತ ಜ್ಞಾಪಕ ಮಾಡ್ಕೊಳಕ್ಕೆ ಹೋದ್ರೆ ಸಣ್ಣ ಮಗನ ಧ್ವನಿ ಬರುತ್ತೆ. ಒಂದ್ ಮಾತಿದ್ರೆ ಸಾಕಿತ್ತು. ನಗು ಇದ್ರೂ ಆಗ್ತಿತ್ತು."

ಮೂಲ ಟೇಪಿನಲ್ಲಿ ಹಾಡುಗಳ ನಡುವಿನ ಮಾತುಕತೆ ಇರಬಹುದು, ನೀನು ಹಾಡು ಮುಗಿದರೂ ಟೇಪು ನಿಲ್ಲಿಸುತ್ತಿರಲಿಲ್ಲ, ಹುಡುಕುತ್ತೇನೆ ಎಂದೆ. ಮಾತು ಕೊಟ್ಟುಬಿಟ್ಟೆ. ಆದ್ದರಿಂದ ನಿನ್ನ ಎರಡನೇ ಷರತ್ತನ್ನು ಸದ್ಯಕ್ಕೆ ಪಾಲಿಸಲಾರೆ.

ಅವರು ಇನ್ನೊಂದು ಮಾತು ಹೇಳಿದರು, ನಿನಗೆ ತಿಳಿದಿರಲಿ. "ದೇವಿ ಹಿಡ್ಕೊಟ್ಟ ಅಂತ ಊರೆಲ್ಲ ಅಂತು. ಸಣ್ಣವನು ಈಗ್ಲೂ ಅಂತಾನೆ. ನಾನು ನಂಬ್ಲಿಲ್ಲ. ಸೇತೂನ ಕರ್ಕೊಂಡ್ ಹೋದ ಮಾರನೇ ದಿನಾನೇ ಅವನ ತಾಯಿ ನಾಗಲಕ್ಷ್ಮಕ್ಕ ಓಡಿ ಬಂದ್ರು. ಆವತ್ತಿಂದ ಒಂದ್ ಶುಕ್ರವಾರ ತಪ್ಪಿಸಿಲ್ಲ. ಅಂಥ ತಾಯಿ ಮಗ ಅಂಥ ಕೆಲಸ ಮಾಡ್ತಾನಾ?"

ಕಾಲೇಜಿನಿಂದ ಸ್ಪೂಲ್ ಮೆಷಿನ್ ಎರವಲು ತಂದಿದ್ದೇನೆ. ಅದರ ಎಡ ಚಾನೆಲ್ ಸತ್ತಿದೆ. ನಿನಗೆ ನೆನಪಿರಬೇಕು, ನಮ್ಮಲ್ಲಿ ಇದ್ದದ್ದು ಎರಡೇ ಮೈಕು. ಬಲಗಡೆ ಬರುವುದು ನಿನ್ನ ಕೋಣೆಯ ಮೈಕಿನದು. ಎಡಗಡೆಯದು ನೀನು ಬಾಗಿಲಾಚೆ ನಡುಮನೆಯಲ್ಲಿ, ನಿಮ್ಮ ತಾತನ ಫೋಟೋದ ಮೊಳೆಗೆ ತೂಗುಹಾಕಿದ್ದು. ಎತ್ತರದ ಸೂರಿನ ಪ್ರತಿಧ್ವನಿ ಬೇಕೆಂದು ಹಟ ಮಾಡಿದ್ದೆ. ಬಲಗಡೆಯ ನಾಲ್ಕು ಸ್ಪೂಲೂ ಕೇಳಿ ಮುಗಿಸಿದೆ, ಸೇತುವಿನ ಮಾತು ಒಂದೂ ಇಲ್ಲ. ಎಡಗಡೆ ಇರಬಹುದು. ಒಂಬತ್ತನೇ ಬ್ಲಾಕಿನ ರಿಪೇರಿಯವರು ಹದಿನೈದು ದಿನ ಕೇಳಿದ್ದಾರೆ.

ಒಂದು ಪ್ರಶ್ನೆ. ಸ್ಟೀರಿಯೋದಲ್ಲಿ ಧ್ವನಿಮುದ್ರಿಸಿ, ಆ ಪ್ರತಿಧ್ವನಿಗಾಗಿ ಅಷ್ಟು ಜಗಳವಾಡಿ, ಕೊನೆಗೆ ರೆಕಾರ್ಡನ್ನು ಮೊನೊದಲ್ಲಿ ಯಾಕೆ ತಂದೆ?

ವೆಂಕಟಾಚಲ


ಕೂನೂರು
೨೧ ಫೆಬ್ರವರಿ ೧೯೮೬
ಎಕ್ಸ್‌ಪ್ರೆಸ್

ವೆಂಕಟು,

ಮೆಷಿನ್ನನ್ನು ರಿಪೇರಿಯಿಂದ ವಾಪಸು ತರಿಸು. ಮೂರನೇ ಸ್ಪೂಲನ್ನು ಕೇಳಬೇಡ. ಪಾರ್ವತಮ್ಮನಿಗೆ ಏನೂ ಸಿಗಲಿಲ್ಲ ಎಂದು ಹೇಳು. ಯಾಕೆ ಎಂದು ಕೇಳಬೇಡ. ನೀನು ಹಿಂದೆ ನನ್ನ ಬಗ್ಗೆ ಏನು ನಂಬಿದ್ದೆಯೋ ಅದನ್ನೇ ನಂಬಿಕೊಂಡಿರು, ನನಗೆ ಅದು ಅಭ್ಯಾಸವಾಗಿದೆ.

ದೇವಿ


ಜೆ.ಪಿ. ನಗರ
ಭಾನುವಾರ, ೯ ಮಾರ್ಚ್ ೧೯೮೬

ದೇವದಾಸ್,

ಕೇಳಿದೆ.

ಮೂರನೇ ಸ್ಪೂಲು, ಡಬ್ಬದ ಮೇಲೆ ಸೇತುವಿನ ಅಕ್ಷರದಲ್ಲಿ '೩೦ ನವೆಂಬರ್ ೭೫, ಭಾನುವಾರ' ಎಂದಿದೆ. ಹೆಡ್‌ಫೋನ್ ಹಾಕಿ, ಬಲಗಡೆಯನ್ನು ಪೂರ್ತಿ ತಗ್ಗಿಸಿ ಕೇಳಿದೆ. ನಾನು ಬರೆದುಕೊಂಡದ್ದನ್ನು ಹಾಗೆಯೇ ಇಲ್ಲಿ ಇಳಿಸುತ್ತೇನೆ. ತಪ್ಪಿದ್ದರೆ ತಿದ್ದು.

ದೂರದಲ್ಲಿ ನಿನ್ನ ಹಾಡು, 'ನೀರು ಬಿಡುವ ಹೊತ್ತು'. ಹತ್ತಿರದಲ್ಲಿ ಟೆಲಿಫೋನಿನ ಡಯಲ್ ತಿರುಗುವ ಸದ್ದು, ಐದು ಸಲ. ಆಮೇಲೆ ನಿನ್ನ ತಾಯಿಯವರು, ಮೆಲ್ಲಗೆ.

"ಭಾವ, ನಾನು, ನಾಗು... ಹೂಂ, ಇಲ್ಲೇ ಇದ್ದಾರೆ, ಹಾಡ್ತಿದ್ದಾರೆ. ಇಲ್ಲಿಗೆ ಬರಬೇಡಿ, ದಮ್ಮಯ್ಯ... ಸುಬ್ರಹ್ಮಣ್ಯಪುರ. ಕೆರೆ ಏರಿ ಇಳಿದ್ರೆ ಹೆಂಚಿನ ಮನೆ, ಮುಂದೆ ಹುಣಸೇಮರ ಇದೆ... ಇಲ್ಲ, ಒಬ್ಬನೇ ಮಲಗೋದು... ನಮ್ಮ ಹುಡುಗನ ಹೆಸರು ಎಲ್ಲೂ ಬರಬಾರದು, ಭಾಷೆ ಕೊಡಿ... ಅವನನ್ನ ಹೊಡೀಬೇಡಿ ಅಂತ ಹೇಳಿ. ಒಳ್ಳೇ ಹುಡುಗ."

ರಿಸೀವರ್ ಇಡುವ ಸದ್ದು. ಹನ್ನೊಂದು ಸೆಕೆಂಡು ಹತ್ತಿರದಲ್ಲಿ ಏನೂ ಇಲ್ಲ, ಗಡಿಯಾರ ಮಾತ್ರ. ಹಾಡು ನಿಲ್ಲುತ್ತದೆ. ಬಾಗಿಲು ತೆರೆಯುವ ಸದ್ದು.

"ಅಮ್ಮಾ, ನೀರು." ಇದು ಸೇತು.

"ನೀರ್ಯಾಕೋ, ಮಜ್ಜಿಗೆ ಇದೆ, ಕುಡಿ."

"ಉಪ್ಪು ಹಾಕಿದ್ದೀರಾ? ಹೋದ ವಾರ ಮರ್ತಿದ್ರಿ."

"ಹಾಕಿದ್ದೀನಿ ಕಣೋ."

ಸೇತು ನಗುತ್ತಾನೆ. "ನೋಡ್ತಿರಿ, ಈ ಹಾಡು ಹೊರಗೆ ಬಂದ್ರೆ ನಿಮ್ಮ ಮಗ ಮತ್ತೆ ನಿಮ್ಮ ಕೈಗೆ ಸಿಗಲ್ಲ."

"ಸಿಗದಿದ್ರೆ ಬೇಡ. ಇದ್ರೆ ಸಾಕು."

ಲೋಟ ಇಡುವ ಸದ್ದು. ಅಷ್ಟೇ. ನಾಲ್ಕೂ ಸ್ಪೂಲಿನಲ್ಲಿ ಸೇತು ಮಾತನಾಡುವುದು ಇಲ್ಲಿ ಮಾತ್ರ.

ಇದಾದ ಮೂರನೇ ದಿನ, ಬುಧವಾರ, ಅವನು ತಲೆಮರೆಸಿಕೊಂಡಿದ್ದ ಆ ಹೆಂಚಿನ ಮನೆಯಿಂದ ಪೊಲೀಸರು ಅವನನ್ನು ಕರೆದುಕೊಂಡು ಹೋದರು. ಹದಿನಾಲ್ಕು ತಿಂಗಳು ಇಟ್ಟುಕೊಂಡು ಬಿಟ್ಟಾಗ ಎರಡೂ ಮೂತ್ರಪಿಂಡ ಕೆಟ್ಟಿದ್ದವು. ಎಪ್ಪತ್ತೆಂಟರ ಆಗಸ್ಟಿನಲ್ಲಿ ಸತ್ತ. ಆ ಮನೆ ಎಲ್ಲಿದೆ ಎಂದು ಗೊತ್ತಿದ್ದವರು ಮೂವರು: ನೀನು, ನಾನು, ಅವನ ತಮ್ಮ ರಾಮಪ್ರಸಾದ. ನಾನಲ್ಲ ಎಂದು ನನಗೆ ಗೊತ್ತಿತ್ತು, ತಮ್ಮನಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಉಳಿದವನು ನೀನು. ಇಷ್ಟೇ ಲೆಕ್ಕ ಮಾಡಿ ಆ ಒಂದು ವಾಕ್ಯ ಬರೆದಿದ್ದೆ.

ಇನ್ನೊಂದನ್ನು ಈಗ ಹೇಳಬೇಕು. ಎಪ್ಪತ್ತಾರರ ಜೂನಿನಲ್ಲಿ ರಾಮಪ್ರಸಾದ ನನ್ನ ಹತ್ತಿರ ಬಂದು, 'ದೇವದಾಸ ಸಂಜೆ ಎಲ್ಲಿ ಸಿಗ್ತಾನೆ ಸಾರ್?' ಎಂದು ಕೇಳಿದ. ಆರು ಗಂಟೆಗೆ ನಾಲ್ಕನೇ ಬ್ಲಾಕಿನ ಬಸ್ ಸ್ಟ್ಯಾಂಡಿನಲ್ಲಿ ಎಂದೆ. ಅವನ ಕೈಯಲ್ಲಿ ಸೈಕಲ್ ಚೈನು ಇತ್ತು. ನಾನು ನೋಡಿದ್ದೆ. ಗಿಟಾರ್ ಹಿಡಿಯುವ ಕೈ ಎಡಗೈ ಎಂದು ಅವನಿಗೆ ಹೇಳಿದ್ದು ನಾನಲ್ಲ, ಆದರೆ ಜಾಗ ಹೇಳಿದ್ದು ನಾನು.

ಪಾರ್ವತಮ್ಮನಿಗೆ ಇನ್ನೂ ಏನೂ ತಿಳಿಸಿಲ್ಲ.

ವೆಂಕಟಾಚಲ


ಕೂನೂರು
೧೮ ಮಾರ್ಚ್ ೧೯೮೬

ವೆಂಕಟು,

ತಿದ್ದುವುದೇನೂ ಇಲ್ಲ. ಎಲ್ಲವನ್ನೂ ಸರಿಯಾಗಿ ಕೇಳಿದ್ದೀಯ. ನೀನು ಮೊದಲಿನಿಂದಲೂ ಹಾಗೆ, ಪುಸ್ತಕದಲ್ಲಿ ಅಚ್ಚಿನ ತಪ್ಪು ಕಂಡರೆ ಪೆನ್ಸಿಲ್ ತೆಗೆಯುವವನು.

ನನಗೆ ಗೊತ್ತಾದದ್ದು ಎಪ್ಪತ್ತಾರರ ಜನವರಿಯಲ್ಲಿ, ರೆಕಾರ್ಡಿಗೆ ಟೇಪು ಹೊಂದಿಸುತ್ತಿದ್ದಾಗ. ಎಡಗಡೆ ಒಂದನ್ನೇ ಹಾಕಿದ್ದೆ. ಅಮ್ಮ ಅಡುಗೆಮನೆಯಲ್ಲಿ ರುಬ್ಬುತ್ತಿದ್ದಳು. ಮೆಷಿನ್ ನಿಲ್ಲಿಸಿದೆ. ಅವಳು ಅಲ್ಲಿಂದಲೇ 'ಯಾಕೋ ನಿಂತ್ಹೋಯ್ತು, ಚೆನ್ನಾಗಿತ್ತು' ಎಂದಳು.

ಎರಡು ಚಾನೆಲ್ಲನ್ನೂ ಬೆರೆಸಿ, ಎಡಗಡೆಯದನ್ನು ತಗ್ಗಿಸಿ ಮೊನೊ ಮಾಡಿದರೆ ಮಾತು ಹಾಡಿನ ಕೆಳಗೆ ಹೂತುಹೋಗುತ್ತದೆ ಎಂದು ಗೊತ್ತಿತ್ತು. ಡಯಲಿನ ಸದ್ದು ಮಾತ್ರ ಹೋಗಲಿಲ್ಲ. ಆ ಹಾಡನ್ನೇ ಬಿಡಬಹುದಾಗಿತ್ತು. ಬಿಡಲಿಲ್ಲ. ನಾನು ಮಾಡಿದ್ದರಲ್ಲಿ ಅದೊಂದೇ ಚೆನ್ನಾಗಿತ್ತು.

ಜಾಗ ಗೊತ್ತಿದ್ದವರು ಮೂವರು ಎಂದು ಬರೆದಿದ್ದೀಯ. ನಾಲ್ವರು. ಅಮ್ಮನಿಗೆ ಹೇಳಿದ್ದು ನಾನೇ. 'ಪಾಪ, ಹುಡುಗ ಎಲ್ಲಿ ಊಟ ಮಾಡ್ತಾನೋ, ಎಲ್ಲಿದ್ದಾನೆ ಹೇಳು, ಡಬ್ಬಿ ಕಳಿಸ್ತೀನಿ' ಎಂದಳು. ಎರಡು ವಾರ ನಿಜವಾಗಿಯೂ ಕಳಿಸಿದಳು. ಅಷ್ಟರಲ್ಲಿ ಒಂದು ದಿನ ನನ್ನ ಆಂಪ್ಲಿಫೈಯರಿನ ಪೆಟ್ಟಿಗೆ ಒರೆಸುವಾಗ ಅದರೊಳಗೆ ಸೇತು ಇಟ್ಟಿದ್ದ ಕರಪತ್ರಗಳ ಕಟ್ಟು ಅವಳ ಕೈಗೆ ಸಿಕ್ಕಿತು. ಸರ್ಕಾರವನ್ನು ಬೈದು ಬರೆದಿದ್ದ ಒಂದು ಹಾಳೆ ಮನೆಯಲ್ಲಿ ಸಿಕ್ಕರೂ ಎಳೆದೊಯ್ಯುತ್ತಿದ್ದ ತುರ್ತುಪರಿಸ್ಥಿತಿಯ ಕಾಲ. ಅಪ್ಪ ಸರ್ಕಾರಿ ನೌಕರ, ನಾನು ಒಬ್ಬನೇ ಮಗ. ಅವಳ ಸೋದರತ್ತೆಯ ಮಗ ಪೊಲೀಸ್ ಇಲಾಖೆಯಲ್ಲಿದ್ದ. ನಾವು ಗಲಾಟೆ ಮಾಡುತ್ತಿರುವ ಹೊತ್ತೇ ಸರಿಯಾದ ಹೊತ್ತು, ಯಾರಿಗೂ ಕೇಳಿಸುವುದಿಲ್ಲ ಎಂದುಕೊಂಡಳು. ತಲೆಯ ಮೇಲೆ ಮೈಕು ತೂಗುತ್ತಿದೆ ಎಂದು ಅವಳಿಗೆ ತಿಳಿಯುವುದು ಹೇಗೆ? ಅದು ಕೆಲಸ ಮಾಡುವುದು ಹಾಡುವವರು ಎದುರು ನಿಂತಾಗ ಮಾತ್ರ ಎಂದುಕೊಂಡಿದ್ದಳು.

ನನಗೆ ಗೊತ್ತಿದೆ ಎಂದು ಅವಳಿಗೆ ಗೊತ್ತಿಲ್ಲ. ಅದಕ್ಕೇ ಊರು ಬಿಟ್ಟೆ. ದಿನಾ ಎದುರು ಕೂತು ಊಟ ಮಾಡಲು ಆಗುತ್ತಿರಲಿಲ್ಲ.

ಬಸ್ ಸ್ಟ್ಯಾಂಡಿನ ವಿಷಯ ನನಗೆ ಆಗಲೇ ಗೊತ್ತಿತ್ತು. ಹೊಡೆಯುವಾಗ ರಾಮಪ್ರಸಾದನೇ ನಿನ್ನ ಹೆಸರು ಹೇಳಿದ್ದ. ಅದರ ಬಗ್ಗೆ ಮತ್ತೆ ಬರೆಯಬೇಡ.

ಈಗ ಕೇಳು. ಟೇಪು ಕತ್ತರಿಸಿ ಅಂಟಿಸುವುದು ನಿನಗೆ ಬರುತ್ತದೆ, ಆಗಲೂ ಅದನ್ನು ನೀನೇ ಮಾಡುತ್ತಿದ್ದೆ. ಡಯಲಿನಿಂದ ಗಡಿಯಾರದವರೆಗೆ ತೆಗೆದುಬಿಡು. 'ಅಮ್ಮಾ, ನೀರು' ಎಂಬಲ್ಲಿಂದ ಪಾರ್ವತಮ್ಮನಿಗೆ ಕೇಳಿಸು. ಅವರಿಗೆ ಮಗನ ಮಾತು ಸಿಗುತ್ತದೆ. ಕತ್ತರಿಸಿದ ಚೂರನ್ನು ಸುಡು. ನನ್ನ ತಾಯಿಗೆ ಅರವತ್ತಾರು.

ದೇವಿ


ಜೆ.ಪಿ. ನಗರ
ಭಾನುವಾರ, ೩೦ ಮಾರ್ಚ್ ೧೯೮೬

ದೇವದಾಸ್,

ಬ್ಲೇಡು, ಅಂಟಿನ ಪಟ್ಟಿ ಎರಡನ್ನೂ ತಂದಿಟ್ಟಿದ್ದೇನೆ. ಬಿಳಿ ಪೆನ್ಸಿಲಿನಿಂದ ಟೇಪಿನ ಮೇಲೆ ಎರಡು ಗುರುತು ಹಾಕಿದ್ದೇನೆ. ಇನ್ನೂ ಕತ್ತರಿಸಿಲ್ಲ. ಅನುವಾದದ ಕಾದಂಬರಿಗಳನ್ನು ಮೂಲದ ಜೊತೆ ಇಟ್ಟು ನೋಡುವ ಚಾಳಿ ನನಗಿದೆ. ಅನುವಾದಕರು ಒಂದು ಪುಟ ಬಿಟ್ಟಿರುವ ಕಡೆ ವಾಕ್ಯಗಳು ಎಷ್ಟು ಚೆನ್ನಾಗಿ ಕೂಡಿಕೊಂಡಿರುತ್ತವೆ ಎಂದರೆ, ಓದುವವರಿಗೆ ಸಂಶಯವೇ ಬರುವುದಿಲ್ಲ. ಹಾಗೆಯೇ ಇಲ್ಲೂ ಆಗುತ್ತದೆ. ಪಾರ್ವತಮ್ಮ ಅದನ್ನು ಕೇಳಿ, ನಿನ್ನ ತಾಯಿಯವರ ಕೈ ಹಿಡಿದುಕೊಂಡು, 'ಕೊನೇಲಿ ನನ್ನ ಮಗನಿಗೆ ಮಜ್ಜಿಗೆ ಕೊಟ್ರಲ್ಲಾ ಅಕ್ಕ' ಎನ್ನುತ್ತಾರೆ. ಅದನ್ನು ನಾನು ನೋಡುತ್ತಾ ಕೂತಿರಬೇಕು.

ಕತ್ತರಿಸದಿದ್ದರೆ ಏನಾಗುತ್ತದೆ ಎಂಬುದಕ್ಕೆ ಬರುತ್ತೇನೆ. ಮೆಷಿನ್ ರಿಪೇರಿಗೆ ಕೊಟ್ಟಾಗಲೇ, ಯುಗಾದಿ ಆದ ಮೇಲಿನ ಭಾನುವಾರ, ಏಪ್ರಿಲ್ ಹದಿಮೂರರಂದು, ಮೆಷಿನ್ ತೆಗೆದುಕೊಂಡು ಶ್ರೀನಗರಕ್ಕೆ ಬರುತ್ತೇನೆ ಎಂದು ಪಾರ್ವತಮ್ಮನಿಗೆ ಹೇಳಿದ್ದೆ. ಈ ಮಂಗಳವಾರ ರಾಮಪ್ರಸಾದ ನಾನು ಕೆಲಸ ಮಾಡುವ ಕಾಲೇಜಿನ ಲೈಬ್ರರಿಗೆ ಬಂದ. ಲೇತ್ ಅಂಗಡಿಯಿಂದ ನೇರವಾಗಿ ಬಂದಿದ್ದ, ಕೈಗೆ ಎಣ್ಣೆ ಹತ್ತಿತ್ತು, ಪುಸ್ತಕ ಯಾವುದನ್ನೂ ಮುಟ್ಟಲಿಲ್ಲ.

"ಭಾನುವಾರ ನಾನೂ ಇರ್ತೀನಿ ಸಾರ್. ಅವನ ಹಾಡು ಕೇಳೋಕಲ್ಲ. ಅಣ್ಣನ್ ಮಾತ್ ಕೇಳೋಕೆ."

"ಆಗಲಿ," ಎಂದೆ.

"ಆವತ್ತು ಮೂರು ಬೆರಳಿಗೆ ಬಿಟ್ಬಿಟ್ಟೆ. ಅಮ್ಮ ಅವನಲ್ಲ ಅಂತಾಳೆ. ಅವನಲ್ದಿದ್ರೆ ಮತ್ಯಾರು ಹೇಳಿ? ನಂಗೆ ಬರೀ ಅದೊಂದು ತಿಳೀಬೇಕು." ದನಿ ಏರಿಸಲಿಲ್ಲ. ಹೊರಟವನು ಬಾಗಿಲಲ್ಲಿ ತಿರುಗಿ, "ಹದಿಮೂರನೇ ತಾರೀಖು ತಾನೇ?" ಎಂದು ಖಚಿತ ಮಾಡಿಕೊಂಡ.

ಗುರುವಾರ ನಿನ್ನ ತಾಯಿಯವರು ನನ್ನ ಮನೆಗೆ ಬಂದರು. ರಜೆಯಲ್ಲಿದ್ದೆ. ಮಧ್ಯಾಹ್ನ, ಬಿಸಿಲಿನಲ್ಲಿ, ಬಸ್ಸಿನಲ್ಲಿ ಒಬ್ಬರೇ ಬಂದಿದ್ದರು. ಇದುವರೆಗೆ ಒಮ್ಮೆಯೂ ಬಂದಿರಲಿಲ್ಲ.

"ಮನೆಗೆ ಬನ್ನಿ ಬನ್ನಿ ಅಂತ ಬರೀ ಬಾಯಲ್ಲಿ ಉಪಚಾರ ಮಾಡ್ತೀಯ. ಕರ್ಕೊಂಡ್ ಬರೋ ಯೋಗ್ಯತೆ ಇಲ್ಲ ನಿಂಗೆ. ಅದಕ್ಕೇ ನಾನೇ ಬಂದೆ," ಎಂದು ನಗುತ್ತ ಒಳಗೆ ಬಂದರು. ಕೂರಲಿಲ್ಲ. ನೇರವಾಗಿ ಮೆಷಿನ್ನಿನ ಹತ್ತಿರ ಹೋಗಿ ನಿಂತರು.

"ರಿಪೇರಿ ಆಯ್ತಾ?"

"ಆಯ್ತಮ್ಮ."

"ಈಗ ಎರಡು ಕಡೇನೂ ಕೇಳ್ಸುತ್ತಾ?"

ಒಂದು ಕಡೆ ಸತ್ತಿತ್ತು ಎಂದು ನಾನು ಅವರಿಗೆ ಹೇಳಿರಲಿಲ್ಲ. ನನ್ನ ಮುಖ ನೋಡಿ ಅವರೇ, "ಪಾರ್ವತಿ ಹೇಳಿದ್ಲು," ಎಂದರು. "ಒಂದ್ ಕಡೆ ಕೋಣೆ, ಒಂದ್ ಕಡೆ ನಡುಮನೆ ಅಂತಲ್ಲ? ನಡುಮನೇಲೂ ಒಂದು ಇತ್ತು ಅಂತ ನಂಗೆ ನೆನಪಿತ್ತು. ಅದು ಕಿವಿ ಅಂತ ಗೊತ್ತಿರ್ಲಿಲ್ಲ."

ಆಮೇಲೆ ಸ್ಪೂಲಿನ ಡಬ್ಬದ ಮೇಲೆ ಕೈಯಿಟ್ಟರು. "ಅಯಸ್ಕಾಂತ ಇಟ್ರೆ ಇದ್ರಲ್ಲಿರೋದು ಅಳ್ಸಿ ಹೋಗುತ್ತಂತೆ. ಹೌದೇನೋ? ದೇವಿ ಆಗ ಸ್ಪೀಕರ್ ಹತ್ರ ಇಡಬೇಡಿ ಅಂತ ಬೈತಿದ್ದ."

"ಹೌದಮ್ಮ. ಅಳಿಸಿಹೋಗುತ್ತೆ."

"ಕೇಳ್ದೆಯಾ?"

"ಕೇಳ್ದೆ."

ಅವರು ತಲೆಯಾಡಿಸಿದರು. "ಕಾಫಿ ಮಾಡ್ಕೊಡು. ಸಕ್ಕರೆ ಕಮ್ಮಿ."

ಒಳಗೆ ಹೋದೆ. ಡಿಕಾಕ್ಷನ್ ಇತ್ತು, ಹಾಲು ಬಿಸಿಯಿತ್ತು, ಎರಡು ನಿಮಿಷದ ಕೆಲಸ. ನಾನು ಹತ್ತು ನಿಮಿಷ ನಿಂತೆ. ಯಾಕೆ ನಿಂತೆ ಎಂದು ನನ್ನನ್ನು ಕೇಳಬೇಡ. ನಡುವೆ ಒಮ್ಮೆ ಡಬ್ಬದ ಮುಚ್ಚಳದ ಸದ್ದು ಕೇಳಿಸಿತು. ಹೊರಗೆ ಬಂದಾಗ ಅವರು ಕುರ್ಚಿಯಲ್ಲಿ ಕೂತು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಕಾಫಿ ಕುಡಿದು, ನನ್ನ ಮನೆಯ ಗೋಡೆಗೆ ಸುಣ್ಣ ಹೊಡೆಸಬೇಕು ಎಂದು ಹೇಳಿ, ಹೋದರು. ಡಬ್ಬಕ್ಕೆ ಕಟ್ಟಿದ್ದ ದಾರದ ಗಂಟು ನಾನು ಹಾಕಿದ್ದಾಗಿರಲಿಲ್ಲ. ಬಾಗಿಲು ಹಾಕಿಕೊಂಡು ಟೇಪು ಹಾಕಿದೆ. ಮೊದಲಿನಿಂದ ಕೊನೆಯವರೆಗೆ ಎಲ್ಲವೂ ಇತ್ತು.

ಇನ್ನು ಹದಿನಾಲ್ಕು ದಿನ ಇದೆ. ಅವರಿಗೆ ಗೊತ್ತಾಗಿದೆ, ನಿನಗೂ ಗೊತ್ತಿದೆ ಎಂಬುದು ಮಾತ್ರ ಅವರಿಗೆ ಗೊತ್ತಿಲ್ಲ. ಬರೆಯುವುದಿದ್ದರೆ ನೀನೇ ಅವರಿಗೆ ಬರೆ. ಬೆರಳುಗಳ ವಿಷಯವನ್ನೂ ಬರೆ. ನಾನು ಸುಳ್ಳು ಹೇಳಲಾರೆ.

ವೆಂಕಟಾಚಲ


ಜಯನಗರ
ಮಂಗಳವಾರ, ೮ ಏಪ್ರಿಲ್ ೧೯೮೬

ಚಿ. ವೆಂಕಟಾಚಲನಿಗೆ ನಾಗಲಕ್ಷ್ಮಮ್ಮನ ಆಶೀರ್ವಾದ.

ನಿನ್ನೆ ದೇವಿಯಿಂದ ಆರು ಪುಟದ ಕಾಗದ ಬಂತು. ಹತ್ತು ವರ್ಷದಲ್ಲಿ ಅವನು ನನಗೆ ಅರ್ಧ ಪುಟಕ್ಕಿಂತ ಹೆಚ್ಚು ಬರೆದಿರಲಿಲ್ಲ. ಸ್ಕೂಟರಿನಿಂದ ಬಿದ್ದದ್ದಲ್ಲ ಎಂದು ಬರೆದಿದ್ದಾನೆ. ವರ್ಷಕ್ಕೆರಡು ಸಲ ಅವನ ಕೈಗೆ ಹಚ್ಚಿಕೊಳ್ಳಲು ಎಣ್ಣೆ ಕಾಯಿಸಿ ಕಳಿಸುತ್ತಿದ್ದೆ. ಬಳಸಿದ್ದಾನೋ ಚೆಲ್ಲಿದ್ದಾನೋ. ಅದನ್ನು ಬರೆದಿಲ್ಲ.

ಆ ದಿನ ನೀನು ಬೇಕೆಂದೇ ಒಳಗೆ ತಡ ಮಾಡಿದೆ. ನನಗೆ ಗೊತ್ತಾಯಿತು. ನನ್ನ ಚೀಲದಲ್ಲಿ ಅವನ ಹಳೆಯ ಸ್ಪೀಕರಿನ ಅಯಸ್ಕಾಂತ ಇತ್ತು. ನಮ್ಮ ಬೀದಿಯ ರೇಡಿಯೋ ಅಂಗಡಿಯವರಿಂದ ಬಿಚ್ಚಿಸಿಕೊಂಡು ಬಂದಿದ್ದೆ. ಮುಚ್ಚಳ ತೆಗೆದು ಅದರ ಮೇಲೆ ಹಿಡಿಯುವುದಷ್ಟೇ ಬಾಕಿ. ಹುಡುಗ ನನ್ನೊಂದಿಗೆ ಆಡಿದ ಮಾತೂ ಅದರಲ್ಲೇ ಇದೆ ಎಂದು ಕೈ ಬರಲಿಲ್ಲ. ಅದನ್ನೂ ಕಿತ್ತುಕೊಂಡರೆ ಪಾರ್ವತಿಗೆ ನಾನು ಎರಡು ಸಲ ಮಾಡಿದ ಹಾಗಾಗುತ್ತದೆ.

ಪಶ್ಚಾತ್ತಾಪ ಪಡುತ್ತಿದ್ದೇನೆ ಎಂದು ನೀನು ತಿಳಿದರೆ ಅದು ಪೂರ್ತಿ ನಿಜವಲ್ಲ. ಆ ಕಾಗದಗಳು ಪೆಟ್ಟಿಗೆಯಲ್ಲಿ ಸಿಕ್ಕಿದ ದಿನ ಇಬ್ಬರಲ್ಲಿ ಒಬ್ಬನನ್ನು ಮಾತ್ರ ಉಳಿಸಿಕೊಳ್ಳಬಹುದು ಎಂದು ಕಂಡಿತು. ನನ್ನವನನ್ನು ಉಳಿಸಿಕೊಂಡೆ. ಇನ್ನೊಮ್ಮೆ ಅದೇ ದಿನ ಬಂದರೆ ಅದನ್ನೇ ಮಾಡುತ್ತೇನೆ. ಹೊಡೆಯುವುದಿಲ್ಲ, ಒಂದು ತಿಂಗಳು ಕೂರಿಸಿ ಬುದ್ಧಿ ಹೇಳಿ ಬಿಡುತ್ತೇವೆ ಎಂದು ಭಾವ ಹೇಳಿದರು. ನಂಬಿದೆ. ನಂಬಲೇಬೇಕಾಗಿತ್ತು, ಅದಕ್ಕೇ ನಂಬಿದೆ. ಮಾರನೇ ದಿನ ಪಾರ್ವತಿಯ ಮನೆಗೆ ಹೋದದ್ದು ಹೆದರಿಕೆಯಿಂದ, ಅವಳಿಗೇನಾದರೂ ಗೊತ್ತಾಗಿದೆಯೋ ನೋಡಲು. ಎರಡನೇ ಶುಕ್ರವಾರವೂ ಅದಕ್ಕೇ ಹೋದೆ. ಆಮೇಲೆ ಯಾತಕ್ಕೆ ಹೋಗುತ್ತಿದ್ದೆನೋ ನನಗೂ ತಿಳಿಯದು. ಅವಳ ಕಣ್ಣಿಗೆ ಪೊರೆ ಬಂದಾಗ ಆಸ್ಪತ್ರೆಯಲ್ಲಿ ಜೊತೆಗೆ ಮಲಗಿದವಳು ನಾನು. ನನ್ನ ಯಜಮಾನರು ಹೋದಾಗ ಮೂರು ದಿನ ನನ್ನನ್ನು ಬಿಟ್ಟು ಅಲುಗದವಳು ಅವಳು.

ಟೇಪನ್ನು ಕತ್ತರಿಸಬೇಡ. ಹೇಗಿದೆಯೋ ಹಾಗೇ ಇರಲಿ. ಆದರೆ ಅವಳು ಅದನ್ನು ಮೊದಲು ಮೆಷಿನ್ನಿನಿಂದ ಕೇಳಬಾರದು.

ಯುಗಾದಿ ಗುರುವಾರ. ಹಬ್ಬದ ದಿನ ಬೇಡ. ಶುಕ್ರವಾರ ನಾನು ಹೇಗೂ ಹೋಗುವ ದಿನ. ಸಾಮಾನ್ಯವಾಗಿ ಹನ್ನೊಂದಕ್ಕೆ ಹೋಗುತ್ತೇನೆ, ಆಗ ರಾಮಪ್ರಸಾದ ಅಂಗಡಿಯಲ್ಲಿರುತ್ತಾನೆ. ಈ ಸಲ ಅವನು ಮನೆಯಲ್ಲಿರುವಾಗಲೇ ಹೋಗುತ್ತೇನೆ. ಅವನು ಕೇಳುತ್ತಿರುವುದು ಒಂದೇ, ಅದು ನನ್ನ ಬಾಯಿಂದ ಅವನ ಕಿವಿಗೆ ಬೀಳಬೇಕು. ಅವನು ಏನು ಮಾಡಿಯಾನು ಎಂದು ನನಗೆ ಗೊತ್ತಿಲ್ಲ. ದೇವಿಯ ಬೆರಳನ್ನು ಅವನು ಏನು ಮಾಡಿದ ಎಂದು ಈಗ ಗೊತ್ತಿದೆ.

ನೀನು ಬರಬೇಡ. ದೇವಿಗೂ ತಿಳಿಸಬೇಡ. ತಿಳಿಸಿದರೆ ಅವನು ಹೊರಟು ಬಂದು ನನ್ನ ಮುಂದೆ ನಿಲ್ಲುತ್ತಾನೆ. ಹತ್ತು ವರ್ಷ ನಿಂತದ್ದು ಸಾಕು. ಭಾನುವಾರದ ಮಾತು ಪಾರ್ವತಿಗೆ ಬಿಟ್ಟದ್ದು. ಮೆಷಿನ್ ತರಬಹುದೋ ಬೇಡವೋ ಅವಳೇ ಹೇಳಿ ಕಳಿಸುತ್ತಾಳೆ. ನಾನೂ ಕೂತು ಕೇಳಬೇಕೆಂದರೆ ಕೂರುತ್ತೇನೆ.

ರಾಮಪ್ರಸಾದ ಎಂಟೂವರೆಗೆ ಮನೆ ಬಿಡುತ್ತಾನೆ. ಶುಕ್ರವಾರ ಬೆಳಿಗ್ಗೆ ಏಳೂಕಾಲಿನ ಬಸ್ಸಿಗೆ ಹೋಗುತ್ತೇನೆ.

ನಾಗಲಕ್ಷ್ಮಮ್ಮ